ಕಾರ್ಡ್ ವಿನ್ಯಾಸ ಸ್ಪರ್ಧೆ: ಆಡಿ ನೋಡದೆ ಅಂಕ ಕೊಡಬೇಡಿ

ಟ್ರೇಡಿಂಗ್ ಕಾರ್ಡ್ (ಸಂಗ್ರಹಿಸಿ, ತಮ್ಮದೇ ಕಟ್ಟು ಅಂದರೆ ಡೆಕ್ ಮಾಡಿಕೊಂಡು ಆಡುವ ಕಾರ್ಡ್) ಆಡುವ ಗುಂಪುಗಳಲ್ಲಿ ‘ನಮ್ಮದೇ ಕಾರ್ಡ್ ಮಾಡೋಣ’ ಅಂತ ಸ್ಪರ್ಧೆ ಶುರುವಾಗುವುದು ಸುಲಭ. ಆದರೆ ನಾನು ನೋಡಿದ ಹೆಚ್ಚಿನ ಕಡೆ ಗೆದ್ದದ್ದು ಚೆಂದದ ಚಿತ್ರ. ಆಡಲು ಮಜಾ ಕೊಡುವ ಕಾರ್ಡನ್ನು ಯಾರೂ ಓದಲೇ ಇಲ್ಲ.

1. ಮಿತಿ ಹಾಕಿ. ‘ಏನು ಬೇಕಾದರೂ ಮಾಡಿ’ ಎಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ. ‘ಮ್ಯಾಜಿಕ್: ದ ಗ್ಯಾದರಿಂಗ್ ಆಟಕ್ಕೆ ಒಂದು ಕ್ರೀಚರ್ ಕಾರ್ಡ್, ಮೂರು ಮಾನಾ ಮೀರಬಾರದು, ಬರಹ 40 ಪದದೊಳಗೆ’. ಇಷ್ಟು ಬಿಗಿ ಬೇಕು. (ಕ್ರೀಚರ್ ಅಂದರೆ ಮೇಜಿನ ಮೇಲಿಳಿದು ಕಾದಾಡುವ ಜೀವಿಯ ಕಾರ್ಡ್; ಮಾನಾ ಅಂದರೆ ಕಾರ್ಡ್ ಆಡಲು ಆಟದೊಳಗೆ ತೆರಬೇಕಾದ ಬೆಲೆ.)

2. ಬರಹ, ಚಿತ್ರ ಬೇರೆ ಬೇರೆ ಫೈಲ್‌ನಲ್ಲಿ ತರಿಸಿ. ಕಳಿಸಿದವರ ಹೆಸರು ಒಬ್ಬರ ಹತ್ತಿರ ಮಾತ್ರ ಇರಲಿ, ಅವರು ತೀರ್ಪುಗಾರರಾಗಬಾರದು. ಚಿತ್ರ ಬರೆದವರು ಯಾರು ಅಂತ ಬರೆಸಿಕೊಳ್ಳಿ. ಎಐ ಚಿತ್ರ ನಡೆಯುತ್ತದೋ ಇಲ್ಲವೋ ಮೊದಲ ದಿನವೇ ಹೇಳಿಬಿಡಿ. ನಡುವೆ ನಿಯಮ ಬದಲಿಸಿದರೆ ಜಗಳ ಖಂಡಿತ.

3. ತೀರ್ಪು. ಎಲ್ಲರೂ ಎಡವುವುದು ಇಲ್ಲೇ, ಅದಕ್ಕೇ ಜಾಸ್ತಿ ಸಮಯ ಇಲ್ಲಿಗೇ ಇಟ್ಟುಕೊಳ್ಳಿ.

ಮೊದಲು ಚಿತ್ರ ತೋರಿಸದೆ ಬರಹವನ್ನಷ್ಟೇ ಇಬ್ಬರಿಗೆ ಕೊಡಿ. ಓದಿ, ಕಾರ್ಡ್ ಏನು ಮಾಡುತ್ತದೆ ಅಂತ ಇಬ್ಬರೂ ಬೇರೆ ಬೇರೆಯಾಗಿ ಹೇಳಲಿ. ‘ಎದುರಾಳಿಯ ಒಂದು ಕಾರ್ಡ್ ತೆಗೆದುಹಾಕಿ’ ಎಂದು ಬರೆದಿದೆ ಅನ್ನಿ. ಕೈಯಿಂದಲೋ, ಮೇಜಿನಿಂದಲೋ, ಡೆಕ್‌ನಿಂದಲೋ? ಆರಿಸುವವರು ಯಾರು? ಉತ್ತರ ಎರಡು ಬಂದರೆ ಕಾರ್ಡ್ ವಾಪಸ್ ಕಳಿಸಿ, ತಿದ್ದಲು ಒಂದು ಅವಕಾಶ ಕೊಡಿ.

ಆಮೇಲೆ ಆಡಿ. ಚೀಟಿಯ ಮೇಲೆ ಬರಹ ಬರೆದು, ಮಾಮೂಲಿ ಕಾರ್ಡಿನ ಮುಂದಿಟ್ಟು ಸ್ಲೀವ್‌ಗೆ (ಕಾರ್ಡಿನ ಪ್ಲಾಸ್ಟಿಕ್ ಕವಚ) ಹಾಕಿದರೆ ಸಾಕು. 60 ಕಾರ್ಡಿನ ಡೆಕ್‌ನಲ್ಲಿ ಒಂದೇ ಪ್ರತಿ ಹಾಕಿದರೆ ಅದು ಕೈಗೆ ಬರುವುದೇ ಅನುಮಾನ. ನಾಲ್ಕು ಹಾಕಿ. ಕನಿಷ್ಠ ಮೂರು ಆಟ, ಬೇರೆ ಬೇರೆ ಡೆಕ್ ಜೊತೆ. ಕೈಗೆ ಬಂದ ಕೂಡಲೇ ಎಲ್ಲರೂ ಅದನ್ನೇ ಆಡಿ ಗೆಲ್ಲುತ್ತಿದ್ದರೆ ಅದರ ಮಾನಾ ಬೆಲೆ ತೀರಾ ಕಡಿಮೆ. ಆಟ ಮುಗಿಯುವವರೆಗೂ ಕೈಯಲ್ಲೇ ಉಳಿದರೆ ಜಾಸ್ತಿ.

ಬರೀ ಕಣ್ಣಂದಾಜಿನಲ್ಲಿ ಇದು ತಿಳಿಯುವುದಿಲ್ಲ. 1993ರ ಮೊದಲ ಮ್ಯಾಜಿಕ್ ಸೆಟ್‌ನಲ್ಲಿದ್ದ ‘ಆನ್ಸೆಸ್ಟ್ರಲ್ ರೀಕಾಲ್’ ಒಂದೇ ಮಾನಾಗೆ ಮೂರು ಕಾರ್ಡ್ ಎಳೆಯಲು ಬಿಡುತ್ತದೆ. ಓದಲು ಸಾದಾ ಕಾರ್ಡ್, ಅಲ್ವಾ? ಆದರೆ ಬಲ ಅತಿಯಾಯಿತು: ಇವತ್ತು ಮ್ಯಾಜಿಕ್‌ನ ವಿಂಟೇಜ್ ಎಂಬ ಆಟದ ಮಾದರಿಯಲ್ಲಿ ಡೆಕ್‌ಗೆ ಅದರ ಒಂದೇ ಪ್ರತಿ ಇಟ್ಟುಕೊಳ್ಳಬಹುದು, ಲೆಗಸಿ ಎಂಬ ಇನ್ನೊಂದು ಮಾದರಿಯಲ್ಲಿ ಪೂರ್ತಿ ನಿಷೇಧ.

ಆಟದ ಅಂಕ ಬರೆದಿಟ್ಟ ಮೇಲೆಯೇ ಚಿತ್ರ ತೆರೆಯಿರಿ. ಎಲ್ಲರೂ ಮತ ಹಾಕುವುದಾದರೆ ಅದು ಚಿತ್ರಕ್ಕೆ ಮಾತ್ರ, ಬಹುಮಾನವೂ ಬೇರೆ. ಮತಕ್ಕೇ ಎಲ್ಲ ಬಿಟ್ಟರೆ ಸ್ನೇಹಿತರು ಜಾಸ್ತಿ ಇರುವವರು ಗೆಲ್ಲುತ್ತಾರೆ.

4. ಬಹುಮಾನ. ಗೆದ್ದ ಕಾರ್ಡನ್ನೇ ಅಚ್ಚು ಹಾಕಿಸಿ ಕೊಡಿ, ಅದಕ್ಕಿಂತ ಒಳ್ಳೆಯ ಬಹುಮಾನ ಇಲ್ಲ. 1990ರ ದಶಕದಲ್ಲಿ ಜಪಾನಿನ ‘ಕೊರೊಕೊರೊ ಕಾಮಿಕ್’ ಪತ್ರಿಕೆಯ ಚಿತ್ರ ಸ್ಪರ್ಧೆಗಳಲ್ಲಿ ಗೆದ್ದವರಿಗೆ ‘ಪೋಕೆಮಾನ್ ಇಲ್ಲಸ್ಟ್ರೇಟರ್’ ಕಾರ್ಡ್ ಸಿಕ್ಕಿತ್ತು. ಸಂಗ್ರಾಹಕರು ಇಂದಿಗೂ ಅದರ ಹಿಂದೆ ಬಿದ್ದಿದ್ದಾರೆ.

ಮ್ಯಾಜಿಕ್, ಪೋಕೆಮಾನ್ ಕಾರ್ಡಿನ ಅಳತೆ ಸುಮಾರು 63 × 88 ಮಿ.ಮೀ. ಕತ್ತರಿಸಲು ಸುತ್ತ 3 ಮಿ.ಮೀ. ಹೆಚ್ಚು ಬಿಡಿ, ಚಿತ್ರ 300 ಡಿಪಿಐ (ಅಚ್ಚಿನಲ್ಲಿ ಇಂಚಿಗೆ ಇಷ್ಟು ಚುಕ್ಕೆ) ಇರಲಿ. ಲ್ಯಾಮಿನೇಶನ್ ಬೇಡವೇ ಬೇಡ: ಕಾರ್ಡ್ ದಪ್ಪವಾಗಿ, ಕಲೆಸುವಾಗಲೇ ಬೆರಳಿಗೆ ಗುರುತು ಸಿಗುತ್ತದೆ. ಹಿಂಬದಿ ಕಾಣದ ಸ್ಲೀವ್ ಕೊಳ್ಳಿ. ಪಾರದರ್ಶಕ ಸ್ಲೀವ್ ಅಗ್ಗವಾದರೂ ಇಲ್ಲಿ ಕೆಲಸಕ್ಕೆ ಬಾರದು. ಕಂಪನಿಯ ಅಸಲಿ ಹಿಂಬದಿ ವಿನ್ಯಾಸ ಮಾತ್ರ ಅಚ್ಚು ಹಾಕಿಸಬೇಡಿ, ನಾಳೆ ಯಾರೋ ಅದನ್ನೇ ಅಸಲಿ ಅಂತ ಮಾರಬಹುದು.

5. ಫಲಿತಾಂಶ. ಸೋತವರಿಗೂ ಎರಡು ಸಾಲು ಬರೆಯಿರಿ. ‘ಚೆನ್ನಾಗಿದೆ’ ಅಂತ ಸುಮ್ನೆ ಹೇಳಬೇಡಿ. ‘ಮೂರು ಆಟದಲ್ಲೂ ಕೈಯಲ್ಲೇ ಉಳಿಯಿತು, ಒಂದು ಮಾನಾ ಇಳಿಸಿ ನೋಡಿ’ ಎಂದು ಬರೆದರೆ ಅವರಿಗೆ ತಿದ್ದಲು ಏನಾದರೂ ಸಿಗುತ್ತದೆ.