ಡ್ರಮ್ಮಿನ ಕೋಳಿಗೆ ಘಾಟು ಹತ್ತದ ಹಾಗೆ

ಇದ್ದಿಲ ಡ್ರಮ್ಮಿನಲ್ಲಿ, ಅಂದರೆ ಅಡಿಯಲ್ಲಿ ಕೆಂಡ ಇಟ್ಟು ಮೇಲೆ ಮುಚ್ಚುವ ಉಕ್ಕಿನ ಡ್ರಮ್ಮಿನಲ್ಲಿ, ಕೋಳಿ ನೇತುಹಾಕಿ ಬೇಯಿಸುವವರು ಬಹಳ ಮಂದಿ ನನ್ನ ಹತ್ತಿರ ಒಂದೇ ಮಾತು ಹೇಳುತ್ತಾರೆ. ಬಣ್ಣ ಚೆನ್ನಾಗಿ ಬಂತು, ಮಾಂಸವೂ ಹದವಾಗಿ ಬೆಂದಿತ್ತು, ಆದರೆ ಎರಡು ತುತ್ತಿಗೇ ಗಂಟಲು ಹಿಡಿಯಿತು. ಮಕ್ಕಳು ತಟ್ಟೆ ಪಕ್ಕಕ್ಕೆ ಸರಿಸಿಬಿಟ್ಟರು. ಅಷ್ಟು ಹೊತ್ತು ಬೆಂಕಿಯ ಮುಂದೆ ನಿಂತವರಿಗೆ ಹೀಗಾದರೆ ಬೇಜಾರಾಗುತ್ತದೆ, ಅಲ್ವಾ? ಸೌದೆ ತುಂಡು ಜಾಸ್ತಿ ಆಯಿತೇನೋ ಅಂದುಕೊಂಡು ಮುಂದಿನ ಸಲ ಬರೀ ಇದ್ದಿಲು ಹಾಕುತ್ತಾರೆ. ಆಗಲೂ ಘಾಟು ಹೋಗುವುದಿಲ್ಲ.

ಯಾಕೆ ಹೋಗುವುದಿಲ್ಲ ಅಂತ ತಿಳಿಯಬೇಕಾದರೆ ಮುಚ್ಚಳ ಸರಿಸಿ ಒಮ್ಮೆ ಒಳಗೆ ನೋಡಿ. ಕೋಳಿಯ ತುದಿಯಲ್ಲಿ ಕೊಬ್ಬಿನ ಹನಿ ನಿಧಾನಕ್ಕೆ ದಪ್ಪಗಾಗುತ್ತದೆ, ತೂಗಾಡುತ್ತದೆ, ಕೆಂಡದ ಮೇಲೆ ಬೀಳುತ್ತದೆ. ಚುಂಯ್ ಅನ್ನುತ್ತದೆ. ಬಿದ್ದ ಜಾಗದಿಂದ ಒಂದು ಎಳೆ ದಟ್ಟ ಹೊಗೆ ಎದ್ದು ನೇರ ಅದೇ ಕೋಳಿಯ ಮೈಗೆ ಹತ್ತುತ್ತದೆ. ಬೇಯುವಷ್ಟು ಹೊತ್ತೂ ಇದೇ ನಡೆಯುತ್ತಿರುತ್ತದೆ. ನಾವು ಸೌದೆಯ ಹೊಗೆ ಅಂದುಕೊಂಡದ್ದರಲ್ಲಿ ದೊಡ್ಡ ಪಾಲು ಈ ಸುಟ್ಟ ಕೊಬ್ಬಿನದೇ. ಆ ರುಚಿಯನ್ನೇ ಇಷ್ಟಪಡುವವರಿದ್ದಾರೆ, ಅವರು ಡ್ರಮ್ಮನ್ನು ಹಾಗೇ ಬಿಡಲಿ. ಮೆದುವಾದ ಹೊಗೆ ಬೇಕು ಅನ್ನುವವರು ಮೊದಲು ಈ ಹನಿಯನ್ನು ತಡೆಯಬೇಕು.

ಅದಕ್ಕೆ ಕೆಂಡಕ್ಕೂ ಕೋಳಿಗೂ ನಡುವೆ ಒಂದು ದುಂಡು ಉಕ್ಕಿನ ತಟ್ಟೆ ಕೂರಿಸಿ. 200 ಲೀಟರಿನ ಡ್ರಮ್ ಸುಮಾರು 57 ಸೆಂಟಿಮೀಟರ್ ಅಗಲ ಇರುತ್ತದೆ. ಅದಕ್ಕೆ 45 ಸೆಂಟಿಮೀಟರ್ ತಟ್ಟೆ ಸಾಕು. ಸುತ್ತಲೂ ಐದಾರು ಸೆಂಟಿಮೀಟರ್ ಸಂದು ಉಳಿಯಲೇಬೇಕು. ಬಿಸಿಗಾಳಿ ಮೇಲೆ ಹೋಗಲು ಅದೊಂದೇ ದಾರಿ. ತೀರಾ ದೊಡ್ಡ ತಟ್ಟೆ ಇಟ್ಟರೆ ಬೆಂಕಿಯ ಉಸಿರು ಕಟ್ಟುತ್ತದೆ, ಹೊಗೆ ಇನ್ನೂ ಕೆಡುತ್ತದೆ. ಡ್ರಮ್ಮಿನ ಗೋಡೆಗೆ ಮೂರು ಕಡೆ ತೂತು ಕೊರೆದು ಉದ್ದನೆಯ ಬೋಲ್ಟ್ ಒಳಮುಖವಾಗಿ ಬಿಗಿದರೆ ತಟ್ಟೆ ಅದರ ಮೇಲೆ ಭದ್ರವಾಗಿ ಕೂರುತ್ತದೆ. ಕೆಂಡದ ಬುಟ್ಟಿಯ ಬಾಯಿಂದ ತಟ್ಟೆಗೆ 20 ಸೆಂಟಿಮೀಟರ್, ತಟ್ಟೆಯಿಂದ ಕೋಳಿ ಇಡುವ ಜಾಲರಿಗೆ 25 ಸೆಂಟಿಮೀಟರ್ ಇರುವ ಹಾಗೆ ನೋಡಿಕೊಳ್ಳಿ.

ಇಲ್ಲೊಂದು ಸೂಕ್ಷ್ಮ ಇದೆ, ಬಹಳ ಜನ ಎಡವುವುದು ಇಲ್ಲೇ. ತಟ್ಟೆ ಕೆಂಡದ ನೇರ ಶಾಖಕ್ಕೆ ವಿಪರೀತ ಕಾಯುತ್ತದೆ. ಅದರ ಮೇಲೆ ಬಿದ್ದ ಕೊಬ್ಬೂ ಸುಡುತ್ತದೆ, ಮತ್ತೆ ಅದೇ ಹೊಗೆ. ಹಾಗಾಗಿ ಒಂದೇ ತಟ್ಟೆ ಸಾಲದು. ಕೆಳಗಿನ ತಟ್ಟೆ ಶಾಖ ತಡೆಯಲಿ. ಅದರ ಮೇಲೆ ಎರಡು ಮೂರು ಸೆಂಟಿಮೀಟರ್ ಎತ್ತರದ ಉಕ್ಕಿನ ತುಂಡುಗಳನ್ನಿಟ್ಟು, ಅಂಚು ಇರುವ ಇನ್ನೊಂದು ತಟ್ಟೆ ಇಡಿ. ಕೊಬ್ಬು ಬೀಳುವುದು ಈ ಮೇಲಿನ ತಟ್ಟೆಗೆ. ನಡುವಿನ ಆ ಸ್ವಲ್ಪ ಗಾಳಿ ಸಾಕು, ಕೊಬ್ಬು ಕರಗಿ ನಿಲ್ಲುತ್ತದೆ, ಸೀಯುವುದಿಲ್ಲ. ತಳ ಮುಚ್ಚುವಷ್ಟು ನೀರು ಹಾಕಿದರೂ ನಡೆಯುತ್ತದೆ. ಆದರೆ ತುಂಬಾ ನೀರು ಬೇಡ. ನೀರು ಶಾಖವನ್ನೆಲ್ಲ ಹೀರಿ ಆವಿ ಎಬ್ಬಿಸುತ್ತದೆ, ಕೋಳಿಯ ಚರ್ಮ ಮೆತ್ತಗೇ ಉಳಿಯುತ್ತದೆ.

ತಟ್ಟೆ ಬಂದ ಮೇಲೆ ಇಡೀ ಕೋಳಿಯನ್ನು ಕೊಕ್ಕೆಗೆ ಹಾಕುವುದು ಅಷ್ಟು ಸರಿಹೋಗುವುದಿಲ್ಲ, ಕೆಳತುದಿ ತಟ್ಟೆಗೆ ತೀರಾ ಹತ್ತಿರ ಬರುತ್ತದೆ. ಬೆನ್ನುಮೂಳೆ ಕತ್ತರಿಸಿ ತೆಗೆದು, ಎದೆ ಒತ್ತಿ ಚಪ್ಪಟೆ ಮಾಡಿ, ಚರ್ಮ ಮೇಲಾಗಿ ಜಾಲರಿ ಮೇಲೆ ಮಲಗಿಸಿ. ಸಮವಾಗಿ ಬೇಯುತ್ತದೆ. ರೆಕ್ಕೆ, ಕಾಲು ಯಾವುದೂ ತಟ್ಟೆಯ ಅಂಚು ದಾಟಬಾರದು.

ಇನ್ನು ಗಾಳಿ. ಒಂದು ಸಲ ನಾನು ಬಿಸಿ ಜಾಸ್ತಿಯಾಯಿತೆಂದು ಮೇಲಿನ ಕಂಡಿಯನ್ನು ಮುಚ್ಚಿಬಿಟ್ಟೆ. ಬಿಸಿ ಇಳಿಯಿತು ನಿಜ. ಆದರೆ ಹೊಗೆ ಹೊರಗೆ ಹೋಗಲಾರದೆ ಒಳಗೇ ಸುತ್ತಿತು. ಕೋಳಿ ಹೊರಬಂದಾಗ ಮೈಯೆಲ್ಲ ಮಸಿ ಬಳಿದಂತಿತ್ತು, ನಾಲಿಗೆ ಜುಮ್ಮೆನ್ನುವಷ್ಟು ಕಹಿ. ಅಂದಿನಿಂದ ಮೇಲಿನ ಕಂಡಿ ನನ್ನ ಡ್ರಮ್ಮಿನಲ್ಲಿ ಸದಾ ತೆರೆದೇ ಇರುತ್ತದೆ. ಬಿಸಿ ಹತೋಟಿ ಏನಿದ್ದರೂ ಕೆಳಗಿನ ಕಂಡಿಯಿಂದ. ಮೇಲಿನ ತೂತುಗಳನ್ನೆಲ್ಲ ಸೇರಿಸಿದರೆ ಕೆಳಗಿನವುಗಳಿಗಿಂತ ಚಿಕ್ಕದಾಗಬಾರದು. ಚಿಕ್ಕದಿದ್ದರೆ ಮುಚ್ಚಳದಲ್ಲಿ ಇನ್ನೆರಡು ತೂತು ಕೊರೆಯಿರಿ.

ಇದ್ದಿಲನ್ನು ಕೊಳವೆಯಂಥ ಡಬ್ಬಿಯಲ್ಲಿ ಹಾಕಿ ಅಡಿಯಿಂದ ಕಾಗದ ಹೊತ್ತಿಸಿ. 15ರಿಂದ 20 ನಿಮಿಷಕ್ಕೆ ಮೇಲಿನ ತುಂಡುಗಳಿಗೂ ಬೂದಿ ಕಟ್ಟುತ್ತದೆ. ಆಮೇಲೆ ಅದನ್ನು ಬುಟ್ಟಿಯಲ್ಲಿರುವ ಹೊಸ ಇದ್ದಿಲ ಮೇಲೆ ಸುರಿಯಿರಿ. ಸೀಮೆಎಣ್ಣೆ ಹತ್ತಿರವೂ ತರಬೇಡಿ. ಸೌದೆ ಬೇಕೆಂದರೆ ಸೇಬು, ಚೆರ್ರಿ, ಪೀಚ್ ಥರದ ಹಣ್ಣಿನ ಮರದ ಒಣ ತುಂಡು, ಮುಷ್ಟಿ ಗಾತ್ರದ್ದು, ಒಂದೇ ಒಂದು. ಪೈನ್ ಥರದ ಅಂಟು ಸುರಿಸುವ ಮರ ಬೇಡವೇ ಬೇಡ. ಸೌದೆಯನ್ನು ನೀರಲ್ಲಿ ನೆನೆಸುವ ರೂಢಿಯೂ ಸುಮ್ನೆ, ಆ ನೀರು ಆರುವ ತನಕ ಮಂಕು ಹೊಗೆಯೇ ಬರುತ್ತದೆ. ಮೊದಲು ಏಳುವ ದಪ್ಪ ಬಿಳಿ ಹೊಗೆ ಹೋಗಲಿ. ಕಂಡಿಯಲ್ಲಿ ಹೊಗೆ ತೆಳ್ಳಗೆ, ತುಸು ನೀಲಿಯಾಗಿ, ಇದೆಯೋ ಇಲ್ಲವೋ ಅನ್ನುವಷ್ಟಾದಾಗ ಕೋಳಿ ಒಳಗೆ ಹೋಗಲಿ. ಈ ಅರ್ಧ ಗಂಟೆಯ ತಾಳ್ಮೆ ಇಲ್ಲದಿದ್ದರೆ ಮೇಲೆ ಹೇಳಿದ ತಟ್ಟೆ ಕೆಲಸವೆಲ್ಲ ವ್ಯರ್ಥ.

ಹಸಿಯಾದ, ತಣ್ಣನೆಯ ಮೈಗೆ ಹೊಗೆ ಬೇಗ ಅಂಟುತ್ತದೆ. ಅದಕ್ಕೇ ನಾನು ಹಿಂದಿನ ರಾತ್ರಿಯೇ ಉಪ್ಪು ಸವರಿ, ಮುಚ್ಚದೆ, ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ತಟ್ಟೆಯ ಮೇಲೆ ಇಡುತ್ತೇನೆ. ಬೆಳಿಗ್ಗೆ ಮುಟ್ಟಿದರೆ ಚರ್ಮ ಕಾಗದದ ಹಾಗೆ ಒಣಗಿರಬೇಕು. ಇದರಿಂದ ಹೊಗೆಯೂ ಮಿತವಾಗಿ ಹಿಡಿಯುತ್ತದೆ, ಚರ್ಮವೂ ಗರಿಗರಿಯಾಗುತ್ತದೆ.

ಜಾಲರಿಯ ಮಟ್ಟದಲ್ಲಿ 140ರಿಂದ 160 ಡಿಗ್ರಿ ಸೆಲ್ಸಿಯಸ್ ಇರಲಿ. 120ಕ್ಕಿಂತ ಕೆಳಗೆ ಬೇಯಿಸಿದರೆ ಚರ್ಮ ರಬ್ಬರಿನಂತಾಗುತ್ತದೆ, ಹೊಗೆಯಲ್ಲಿ ಇರುವ ಹೊತ್ತೂ ಜಾಸ್ತಿಯಾಗುತ್ತದೆ. ಚಪ್ಪಟೆ ಕೋಳಿಗೆ ಸುಮಾರು ಒಂದೂವರೆ ಗಂಟೆ ಬೇಕು, ಆದರೆ ಗಡಿಯಾರವನ್ನು ನಂಬಬೇಡಿ. ಎದೆಯ ದಪ್ಪ ಭಾಗದಲ್ಲಿ ಥರ್ಮಾಮೀಟರ್ ಚುಚ್ಚಿದಾಗ 74 ಡಿಗ್ರಿ ತೋರಿಸಲೇಬೇಕು. ತೊಡೆ 80 ಮುಟ್ಟಿದರೆ ಇನ್ನೂ ರುಚಿ. ಹೊಗೆಯಲ್ಲಿ ಬೆಂದ ಮಾಂಸ ಒಳಗೆ ತುಸು ಗುಲಾಬಿ ಕಂಡರೂ ಬೆಂದಿರಬಹುದು. ಬಣ್ಣ ನೋಡಿ ತೀರ್ಮಾನಿಸಬೇಡಿ. ಪದೇ ಪದೇ ಮುಚ್ಚಳ ತೆಗೆದರೆ ಗಾಳಿ ನುಗ್ಗಿ ಕೆಂಡ ಭುಗ್ಗೆನ್ನುತ್ತದೆ, ಹಾಗಾಗಿ ಎರಡು ಸಲಕ್ಕಿಂತ ಹೆಚ್ಚು ತೆಗೆಯುವುದು ಬೇಡ.

ಹೊಸದಾಗಿ ಡ್ರಮ್ ಮಾಡಿಕೊಳ್ಳುವವರು ಕೆಲವು ವಿಷಯ ಖಂಡಿತ ಪಾಲಿಸಬೇಕು. ರಾಸಾಯನಿಕ ತುಂಬಿದ್ದ ಡ್ರಮ್ ಎಷ್ಟು ತೊಳೆದರೂ ಅಡುಗೆಗೆ ಬೇಡ. ಒಳಗಡೆ ಬಣ್ಣ ಅಥವಾ ಲೇಪ ಇದ್ದರೆ ದೊಡ್ಡ ಬೆಂಕಿ ಹಾಕಿ ಸುಟ್ಟು, ಉಜ್ಜಿ ತೆಗೆಯಿರಿ. ತಟ್ಟೆ, ಬೋಲ್ಟ್, ಜಾಲರಿ ಯಾವುದಕ್ಕೂ ಸತುವಿನ ಲೇಪ ಇರಬಾರದು. ಕೆಂಡದ ಬಿಸಿಗೆ ಅದು ವಿಷದ ಹೊಗೆ ಬಿಡಬಹುದು. ಮತ್ತೆ, ಡ್ರಮ್ ಯಾವಾಗಲೂ ಬಯಲಲ್ಲೇ ಇರಲಿ. ಮಳೆ ಬಂತೆಂದು ಶೆಡ್ಡಿನೊಳಗೆ ಎಳೆಯಬೇಡಿ. ಆರಿದಂತೆ ಕಾಣುವ ಕೆಂಡವೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತಲೇ ಇರುತ್ತದೆ, ಅದಕ್ಕೆ ವಾಸನೆಯೇ ಇಲ್ಲ.

ಡ್ರಮ್ ಪೂರ್ತಿ ತಣ್ಣಗಾದ ಮೇಲೆ ಮುಚ್ಚಳದ ಒಳಮೈ ಮೇಲೆ ಬೆರಳಾಡಿಸಿ ನೋಡಿ. ಒಣಗಿದ ಕಂದು ಪದರ ಇದ್ದರೆ ಚಿಂತೆ ಇಲ್ಲ. ಟಾರಿನ ಹಾಗೆ ಕಪ್ಪಗೆ ಅಂಟಿದರೆ ಮರದ ಚಮಚದಿಂದ ಕೆರೆದು ತೆಗೆಯಿರಿ. ಇಲ್ಲದಿದ್ದರೆ ಮುಂದಿನ ಸಲ ಬಿಸಿಗೆ ಅದೇ ಕರಗಿ ಕೋಳಿಯ ಮೇಲೆ ತೊಟ್ಟಿಕ್ಕುತ್ತದೆ. ಮೇಲಿನ ತಟ್ಟೆಯಲ್ಲಿ ನಿಂತ ಕೊಬ್ಬನ್ನೂ ಅವತ್ತೇ ತೆಗೆದುಬಿಡಿ. ಹಳೇ ಕೊಬ್ಬು ಮತ್ತೆ ಕಾದರೆ ಬರುವ ಕಮಟು ವಾಸನೆ ಹೊಸ ಕೋಳಿಗೂ ಹತ್ತುತ್ತದೆ.