ಹೊಲ, ಮನೆ, ಓಟ ಅಂತಲೇ ಬದುಕಿದವರ ಬಗ್ಗೆ ನೆನಪು ಬರೆಯೋದು ಹೇಗೆ

ಮನೇಲಿ ಹಿರಿಯರು ಒಬ್ರು ಹೋದ್ಮೇಲೆ "ನಿಂಗೆ ಬರೆಯೋಕೆ ಬರತ್ತಲ್ಲ, ಅವರ ಬಗ್ಗೆ ಒಂದೆರಡು ಪುಟ ಬರ್ದುಕೊಡು" ಅಂತ ಯಾರದಾದ್ರೂ ತಲೆಗೆ ಕಟ್ಟೇ ಕಟ್ತಾರೆ. ನಮ್ಮ ಚಿಕ್ಕಪ್ಪ ಹೋದಾಗ ಅದು ನನ್ನ ತಲೆಗೆ ಬಂತು. ಅವರು ರೈತ, ಹೊಲ ಬಿಟ್ಟು ಬೇರೆ ಕೆಲಸ ಮಾಡಿದವರೇ ಅಲ್ಲ, ನಲವತ್ತು ದಾಟಿದ್ಮೇಲೆ ಅದೆಲ್ಲಿಂದಲೋ ಓಟದ ಹುಚ್ಚು ಹಿಡೀತು, ಕೊನೇವರೆಗೂ ಬಿಡ್ಲಿಲ್ಲ. ನಾನು ಮೊದಲು ಬರ್ದಿದ್ದು "ಶ್ರಮಜೀವಿ, ಸರಳ ವ್ಯಕ್ತಿ, ಪ್ರೀತಿಯ ತಂದೆ, ಛಲದ ಓಟಗಾರ" ಅಂತ. ಓದಿ ನೋಡಿದ್ರೆ ಯಾರ ಫೋಟೋ ಕೆಳಗೆ ಹಾಕಿದ್ರೂ ಸರಿಹೋಗತ್ತೆ! ಹರಿದು ಹಾಕ್ದೆ. ಆಮೇಲೆ ಎಡವಿ ಎಡವಿ ಕಲ್ತಿದ್ದನ್ನ ಇಲ್ಲಿ ಹೇಳ್ತೀನಿ.

ಬರೆಯೋಕೆ ಕೂರೋದು ಆಮೇಲೆ, ಮೊದಲು ಸಾಮಾನು ಉಳಿಸ್ಕೊಳ್ಳಿ. ಯಾಕಂದ್ರೆ ಹದಿನೈದಿಪ್ಪತ್ತು ದಿನ ಆಗ್ತಿದ್ದಂಗೆ ಮನೇಲಿ ಯಾರೋ ಒಬ್ರು ಕ್ಲೀನ್ ಮಾಡೋಕೆ ಶುರು ಮಾಡ್ತಾರೆ, ಹಳೇ ಬಿಬ್ ನಂಬರು (ಓಟದಲ್ಲಿ ಎದೆಗೆ ಚುಚ್ಕೊಳ್ಳೋ ನಂಬರ್ ಚೀಟಿ), ಸರ್ಟಿಫಿಕೇಟು, ಗೋಡೆ ಕ್ಯಾಲೆಂಡರು, ಬಿತ್ತನೆ ಬೀಜದ ರಸೀದಿ ಎಲ್ಲ ಒಟ್ಟಿಗೆ ರದ್ದಿಗೆ ಹೋಗತ್ತೆ. ಎಲ್ಲ ಒಂದು ಪೆಟ್ಟಿಗೇಲಿ ತುಂಬ್ಸಿ, ಆಮೇಲೆ ನೋಡಿದ್ರಾಯ್ತು. ಮೆಡಲ್‌ಗಳಲ್ಲಿ ಸಾಮಾನ್ಯವಾಗಿ ವರ್ಷ, ದೂರ ಎರಡೂ ಇರತ್ತೆ, ಆದ್ರೆ ಬಿಬ್ ಮೇಲೆ ಎಷ್ಟೋ ಸಲ ವರ್ಷ ಇರಲ್ಲ, ಹಿಂದೆ ಪೆನ್ಸಿಲ್‌ನಲ್ಲಿ ಏನಾದ್ರೂ ಗೀಚಿದಾರಾ ನೋಡಿ.

ಇದಕ್ಕಿಂತ ಅರ್ಜೆಂಟು ಫೋನು. ಅವರ ಸಿಮ್ ಯಾವ ಕಾರಣಕ್ಕೂ ಅವಸರದಲ್ಲಿ ಬಂದ್ ಮಾಡಿಸ್ಬೇಡಿ, ಪಾಸ್‌ವರ್ಡ್ ಗೊತ್ತಿಲ್ದೆ ಇದ್ರೆ ಓಟಿಪಿ ಬರೋದು ಅದೇ ನಂಬರಿಗೆ. ಓಡೋವಾಗ ಜಿಪಿಎಸ್ ವಾಚ್ ಕಟ್ತಿದ್ರೆ ಅವರು ಓಡಿದ ದಾರಿ ಎಲ್ಲ ಆ ಆಪ್‌ನ ಅಕೌಂಟ್‌ನಲ್ಲಿರತ್ತೆ, ಮನೆಯವರ ಒಪ್ಪಿಗೆ ತಗೊಂಡು ಜಿಪಿಎಕ್ಸ್ ಫೈಲಾಗಿ (ಓಡಿದ ದಾರಿ ಉಳಿಸಿಡೋ ಫೈಲು) ಇಳಿಸ್ಕೊಳ್ಳಿ. ವಾಯ್ಸ್ ನೋಟ್‌ಗಳನ್ನೂ ಬೇರೆ ಕಡೆ ಸೇವ್ ಮಾಡಿ. ಫೋಟೋ ಕಳ್ಸಿ ಅಂತ ನೆಂಟರನ್ನ ಕೇಳಿದ್ರೆ ವಾಟ್ಸಾಪಲ್ಲಿ ಹಂಗೇ ಕಳಿಸ್ತಾರೆ, ಅದರಲ್ಲಿ ತೆಗೆದ ತಾರೀಖಿನ ಮಾಹಿತಿ ಅಳಿಸಿಹೋಗತ್ತೆ, ಡಾಕ್ಯುಮೆಂಟ್ ಆಗಿ ಕಳ್ಸೋಕೆ ಹೇಳಿ. ಇದು ಗೊತ್ತಿಲ್ದೆ ಒಂದು ಫೋಟೋ ಯಾವ ವರ್ಷದ್ದು ಅಂತ ನಾನು ಮೂರು ದಿನ ಜಗಳ ಆಡಿದೀನಿ.

ಈಗ ಮುಖ್ಯ ಕೆಲಸ. ಒಂದು ದೊಡ್ಡ ಹಾಳೇಲಿ ವರ್ಷ ಬರ್ದು ಪಕ್ಕದಲ್ಲಿ ಮೂರು ಕಾಲಂ ಹಾಕಿ. ಒಂದ್ರಲ್ಲಿ ಹೊಲ, ಅಂದ್ರೆ ಯಾವಾಗ ಬಿತ್ತಿದ್ರು, ಯಾವ ವರ್ಷ ಮಳೆ ಕೈಕೊಡ್ತು, ಸಾಲ ಯಾವಾಗ ಆಯ್ತು, ಟ್ರ್ಯಾಕ್ಟರ್ ಯಾವಾಗ ಬಂತು. ಇನ್ನೊಂದ್ರಲ್ಲಿ ಮನೆ, ಮಕ್ಕಳು ಹುಟ್ಟಿದ್ದು, ಯಾರಿಗೋ ಹುಷಾರಿಲ್ದೆ ಇದ್ದಿದ್ದು, ಮದುವೆಗಳು. ಮೂರನೇದ್ರಲ್ಲಿ ಓಟ, ಎಷ್ಟು ದೂರ, ಎಷ್ಟು ಟೈಮು. ಬೇರೆ ಬೇರೆ ನೋಡಿದ್ರೆ ಮೂರೂ ಒಣ ಲೆಕ್ಕ, ಪಕ್ಕಪಕ್ಕ ಇಟ್ಟಾಗ ಮನುಷ್ಯ ಕಾಣ್ತಾನೆ. ಚಿಕ್ಕಪ್ಪನ ಓಟದ ಕಾಲಂನಲ್ಲಿ ಒಂದು ಇಡೀ ವರ್ಷ ಖಾಲಿ ಇತ್ತು, ಮಂಡಿ ನೋವಿರ್ಬೇಕು ಅಂದ್ಕೊಂಡಿದ್ದೆ, ಪಕ್ಕದ ಕಾಲಂ ನೋಡಿದ್ರೆ ಅದು ಅಜ್ಜಿ ಹಾಸಿಗೆ ಹಿಡಿದ ವರ್ಷ. ಅವರು ಯಾರಿಗೂ ಅದನ್ನ ಹೇಳ್ಕೊಂಡಿರ್ಲಿಲ್ಲ. ನಾನಂತೂ ಬರೆಯೋಕೆ ಶುರು ಮಾಡಿದ್ದೇ ಆ ಖಾಲಿ ಜಾಗದಿಂದ.

ಅವರ ನೋಟ್‌ಬುಕ್ ಸಿಕ್ರೆ ನಿಮ್ಮ ಅದೃಷ್ಟ. ನಮಗೆ ಸಿಕ್ಕಿದ್ದು ನೀಲಿ ರಟ್ಟಿನ ಒಂದು ಪುಸ್ತಕ, ಮೂಲೇಲಿ ಗ್ರೀಸಿನ ಹೆಬ್ಬೆಟ್ಟಿನ ಗುರುತು, ಒಂದೇ ಪುಟದಲ್ಲಿ ಗೊಬ್ಬರದ ಲೆಕ್ಕನೂ ಓಟದ ಲೆಕ್ಕನೂ. ಒಂದು ದಿನ ಹೀಗಿದೆ: "10 ಕಿ.ಮೀ., 52 ನಿಮಿಷ. ಸಂಜೆ ಕರು ಹಗ್ಗ ಕಿತ್ಕೊಂಡು ಓಡ್ತು, ಅದರ ಹಿಂದೆ ಓಡಿದ್ದು ಲೆಕ್ಕಕ್ಕಿಲ್ಲ." ಇಂಥದ್ದನ್ನ ತಿದ್ದೋಕೆ ಹೋಗ್ಬೇಡಿ, ಕಾಗುಣಿತ ತಪ್ಪಿದ್ರೂ ಹಂಗೇ ಹಾಕಿ.

ಓಟದ ವಿಷಯದಲ್ಲಿ ಒಂದು ಎಚ್ಚರಿಕೆ. ಮನೆಯವರಿಗೆ ಎಲ್ಲ ಓಟನೂ ಮ್ಯಾರಥಾನೇ, 5 ಕಿ.ಮೀ. ಓಡಿದ್ರೂ ಮ್ಯಾರಥಾನ್ ಅಂತಾರೆ. ಮ್ಯಾರಥಾನ್ ಅಂದ್ರೆ 42.195 ಕಿ.ಮೀ., ಅರ್ಧ ಮ್ಯಾರಥಾನ್ ಅದರ ಅರ್ಧ, ಅಂದ್ರೆ 21 ಕಿ.ಮೀ. ಮೇಲೆ ಚೂರು. ತಪ್ಪು ಬರೆದ್ರೆ ಅವರ ಜೊತೆ ಓಡ್ತಿದ್ದವರು ಮೊದಲು ಹಿಡಿಯೋದೇ ಅದನ್ನ. ಟೈಮ್ ಬರೆಯೋವಾಗಲೂ ನೋಡ್ಕೊಳ್ಳಿ, ಗನ್ ಟೈಮ್ ಅಂದ್ರೆ ಓಟ ಶುರುವಾದ ಕ್ಷಣದಿಂದ, ಚಿಪ್ ಟೈಮ್ ಅಂದ್ರೆ ಅವರು ಸ್ಟಾರ್ಟ್ ಗೆರೆ ದಾಟಿದ ಕ್ಷಣದಿಂದ, ಜನ ಜಾಸ್ತಿ ಇದ್ದ ಓಟದಲ್ಲಿ ಎರಡಕ್ಕೂ ಹಲವು ನಿಮಿಷ ವ್ಯತ್ಯಾಸ ಬರಬಹುದು. ಓಡದೇ ಇರೋರಿಗೆ ಅಂಕಿ ಅರ್ಥ ಆಗಲ್ಲ, ಅದಕ್ಕೆ ಬಿಡಿಸಿ ಹೇಳಿ. ಮ್ಯಾರಥಾನ್ ನಾಲ್ಕು ಗಂಟೇಲಿ ಮುಗಿಸಿದ್ರು ಅಂದ್ರೆ ಪ್ರತಿ ಕಿಲೋಮೀಟರಿಗೆ ಸುಮಾರು 5 ನಿಮಿಷ 41 ಸೆಕೆಂಡು, ಅದೇ ವೇಗ 42 ಸಲ.

ಆದ್ರೆ ಅಂಕಿ ಒಂದೇ ನೆನಪಲ್ಲಿ ಉಳಿಯಲ್ಲ. ಆಸ್ಟ್ರೇಲಿಯಾದ ಕ್ಲಿಫ್ ಯಂಗ್ ಅಂತ ಆಲೂಗಡ್ಡೆ ಬೆಳೆಯೋ ರೈತ, 1983ರಲ್ಲಿ 61ನೇ ವಯಸ್ಸಲ್ಲಿ ಸಿಡ್ನಿಯಿಂದ ಮೆಲ್ಬರ್ನ್‌ವರೆಗಿನ 875 ಕಿ.ಮೀ. ಓಟ ಗೆದ್ರು, 5 ದಿನ 15 ಗಂಟೆ 4 ನಿಮಿಷದಲ್ಲಿ. ಈ ಅಂಕಿ ನಾನು ಪ್ರತಿ ಸಲ ಮರೀತೀನಿ. ಆದ್ರೆ ಬಿರುಗಾಳಿ ಬರೋದ್ರೊಳಗೆ ಕುರಿಗಳನ್ನ ಹಿಡೀಬೇಕು ಅಂತ ಅಂದ್ಕೊಂಡು ಓಡ್ತಿದ್ದೆ ಅಂತ ಅವರು ಆಮೇಲೆ ಹೇಳಿದ್ರಲ್ಲ, ಅದು ಮಾತ್ರ ಒಂದ್ಸಲ ಕೇಳಿದ್ದು ಮರ್ತಿಲ್ಲ. ರೈತನೂ ಓಟಗಾರನೂ ಒಂದೇ ಮೈಯಲ್ಲಿ ಸಿಗೋ ಅಂಥ ಒಂದು ಚಿತ್ರ ನಿಮ್ಮವರದ್ದೂ ಇರತ್ತೆ, ಸಿಗೋವರೆಗೂ ಹುಡುಕಿ.

ಹುಡುಕೋದು ಹೇಗೆ ಅಂದ್ರೆ ಕೇಳೋದ್ರಿಂದ. "ಅವರು ಹೇಗಿದ್ರು?" ಅಂತ ಕೇಳ್ಬೇಡಿ, "ತುಂಬ ಒಳ್ಳೆಯವರು" ಅಂತ ಉತ್ತರ ಬರತ್ತೆ, ಮಾತು ಅಲ್ಲಿಗೆ ನಿಲ್ಲತ್ತೆ. ಕೈಗೆ ಸಿಗೋ ಪ್ರಶ್ನೆ ಕೇಳಿ. ಓಡಿ ಬಂದು ಶೂ ಎಲ್ಲಿ ಬಿಡ್ತಿದ್ರು? ಕೊಯ್ಲಿನ ಟೈಮಲ್ಲಿ ಓಡ್ತಿದ್ರಾ, ಓಡ್ತಿದ್ರೆ ಎಷ್ಟೊತ್ತಿಗೆ? ಮಕ್ಕಳಲ್ಲಿ ಯಾರು ಸೈಕಲ್ ತಗೊಂಡು ಹಿಂದೆ ಹೋಗ್ತಿದ್ರು? ಯಾವ ಮಾತಿಗೆ ಸಿಟ್ಟು ಬರ್ತಿತ್ತು? ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಆದ್ರೆ ಕೇಳಿ ಮಾಡಿ. ಅಳು ಬಂದ್ರೆ ನಿಲ್ಸಿ, ಇನ್ನೊಂದು ದಿನ ಹೋಗಿ.

ದೇವರನ್ನ ಮಾಡ್ಬೇಡಿ ಅವರನ್ನ. ಓಟದಿಂದ ಮನೇಲಿ ಜಗಳನೂ ಆಗಿರತ್ತೆ, ಕೊಯ್ಲಿಗೆ ಆಳು ಕಾಯ್ತಿರೋವಾಗ ಇವರು ಲಾಂಗ್ ರನ್ ಅಂತ ಹೋಗಿದ್ರೆ ಯಾರಿಗೆ ಸಿಟ್ಟು ಬರಲ್ಲ ಹೇಳಿ. ಅದನ್ನೂ ಒಂದೆರಡು ಸಾಲು ಬರೀರಿ, ಹೆಂಡ್ತಿ ಮಕ್ಕಳಿಗೆ ನೋವಾಗದ ಹಂಗೆ. ಮನೆಯವರನ್ನ ತುಂಬಾ ಪ್ರೀತಿಸ್ತಿದ್ರು ಅನ್ನೋ ವಾಕ್ಯ ಮಾತ್ರ ಬೇಡವೇ ಬೇಡ, ಅದನ್ನ ಓದೋರು ತಾವೇ ಕಂಡ್ಕೊಳ್ಳಲಿ. ಕಾಯಿಲೆ, ಆಸ್ಪತ್ರೆ, ಕೊನೇ ದಿನಗಳು ಚಿಕ್ಕದಾಗಿ ಸಾಕು, ಮೂವತ್ತು ವರ್ಷ ಓಡಿದ ಮನುಷ್ಯನ ಕಥೇಲಿ ಅರ್ಧ ಭಾಗ ಐಸಿಯು ಆಗೋದು ನ್ಯಾಯ ಅಲ್ಲ.

ಉದ್ದ ಎಷ್ಟಿರ್ಬೇಕು ಅಂದ್ರೆ ಜನರ ಮುಂದೆ ಓದೋದಾದ್ರೆ ಐದು ನಿಮಿಷ, ಅದಕ್ಕಿಂತ ಜಾಸ್ತಿ ಆದ್ರೆ ಓದೋರ ಗಂಟಲೇ ಕಟ್ಟತ್ತೆ. ಮನೇಲಿ ಇಟ್ಕೊಳ್ಳೋಕಾದ್ರೆ ಎಷ್ಟಾದ್ರೂ ಬರೀರಿ, ಆ ಮೂರು ಕಾಲಂನ ಹಾಳೆನೂ ಜೊತೆಗೆ ಸೇರ್ಸಿ.

ಮುಗಿಸಿದ್ಮೇಲೆ ಎಲ್ಲರಿಗೂ ಕಳ್ಸೋ ಮುಂಚೆ ಅವರ ಜೊತೆ ಬಾಳಿದವರ ಮುಂದೆ ಕೂತು ಜೋರಾಗಿ ಓದಿ, ತಪ್ಪಿದ್ರೆ ಅಲ್ಲೇ ಗೊತ್ತಾಗತ್ತೆ. "ಬೆಳಗಿನ ಜಾವ ಎದ್ದು, ಹೊಸ್ತಿಲ ಮೇಲೆ ಕೂತು ಶೂ ಕಟ್ಟಿಕೊಂಡು ಹೊರಡ್ತಿದ್ರು" ಅಂತ ನಾನು ಬರ್ದಿದ್ದೆ. ಚಿಕ್ಕಮ್ಮ ಅಲ್ಲಿವರೆಗೂ ಸುಮ್ನೆ ಕೇಳ್ತಿದ್ದೋರು "ಹೊಸ್ತಿಲ ಮೇಲಲ್ಲ ಕಣೋ, ನಂಗೆ ಎಚ್ಚರ ಆಗ್ಬಾರ್ದು ಅಂತ ಶೂ ಕೈಯಲ್ಲಿ ಹಿಡ್ಕೊಂಡು ಬರಿಗಾಲಲ್ಲಿ ಗೇಟಿನವರೆಗೂ ಹೋಗಿ ಅಲ್ಲಿ ಹಾಕ್ಕೊಳ್ತಿದ್ರು, ನಂಗೆ ದಿನಾ ಎಚ್ಚರ ಇರ್ತಿತ್ತು, ಹೇಳಿರ್ಲಿಲ್ಲ ಅಷ್ಟೇ" ಅಂದ್ರು. ಹಳೇ ಮೊದಲ ಪ್ಯಾರಾ ಹೊಡೆದು ಹಾಕಿ ಇದನ್ನೇ ಅಲ್ಲಿಗೆ ತಂದೆ.