ಮಳೆಗಾಲಕ್ಕೆ ತಕ್ಕ ರೇಡ್ ಕಾರ್ಡ್ ಸೆಟ್ಟಿಂಗ್

ತೀರ್ಥಹಳ್ಳಿಯ ಅಡಿಕೆ ಮಂಡಿಯೊಂದರ ಸರ್ವರ್ ನಾನೇ ನೋಡಿಕೊಳ್ಳುತ್ತೇನೆ. ಹಳೆಯ ಎಲ್‌ಎಸ್‌ಐ 9260-8ಐ ರೇಡ್ ಕಾರ್ಡ್ (ಹಲವು ಡಿಸ್ಕನ್ನು ಒಟ್ಟು ಸೇರಿಸಿ ನಡೆಸುವ ಕಾರ್ಡ್), 2 ಟಿಬಿಯ ನಾಲ್ಕು ಡಿಸ್ಕ್. ಮೊದಲ ಸಲ ಸೆಟ್ ಮಾಡಿದಾಗ ರೈಟ್ ಪಾಲಿಸಿಯನ್ನು, ಅಂದರೆ ಕಾರ್ಡ್ ಡಿಸ್ಕಿಗೆ ಬರೆಯುವ ಕ್ರಮವನ್ನು, ‘ಆಲ್ವೇಸ್ ರೈಟ್ ಬ್ಯಾಕ್’ಗೆ ಇಟ್ಟಿದ್ದೆ. ಕಾರ್ಡಿಗೆ ಬ್ಯಾಟರಿ ಇರಲಿಲ್ಲ. ಬಿಲ್ಲಿಂಗ್ ಸರಸರ ಓಡುತ್ತಿತ್ತು, ಎಲ್ಲರಿಗೂ ಖುಷಿ.

ಆರಿದ್ರಾ ಮಳೆಯ ಒಂದು ಸಂಜೆ ಕರೆಂಟ್ ಹೋಯ್ತು, ಯುಪಿಎಸ್ಸೂ ಕೈಕೊಟ್ಟಿತು. ಬೆಳಿಗ್ಗೆ ಡೇಟಾಬೇಸ್ ತೆರೆಯಲೇ ಇಲ್ಲ. ಹಿಂದಿನ ರಾತ್ರಿಯ ಬ್ಯಾಕಪ್ ಹಾಕಿ, ರಾಶಿ, ಬೆಟ್ಟೆ, ಗೊರಬಲು ಅಂತ ಒಂದೊಂದೇ ತೂಕದ ಚೀಟಿ ಹಿಡಿದು ಇಡೀ ದಿನದ ಲೆಕ್ಕ ಮತ್ತೆ ಬರೆಸಿದೆವು.

‘ಅಲ್ಲ ಮಾರಾಯ, ಸೇವ್ ಆಯ್ತು ಅಂತ ಸ್ಕ್ರೀನಲ್ಲಿ ಬಂದಿತ್ತಲ್ಲ, ಎಲ್ಲಿ ಹೋಯ್ತು ಅದು?’ ಎಂದು ಮಂಡಿ ಗೌಡ್ರು ಕೇಳಿದರು. ಸರಿಯಾದ ಪ್ರಶ್ನೆ. ಈ ಕಾರ್ಡಿನಲ್ಲಿ 512 ಎಂಬಿ ಮೆಮೊರಿ ಇದೆ. ರೈಟ್ ಬ್ಯಾಕ್ ಇಟ್ಟರೆ ಲೆಕ್ಕ ಆ ಮೆಮೊರಿಗೆ ಬಂದ ಕೂಡಲೇ ‘ಬರೆದಾಯ್ತು’ ಎನ್ನುತ್ತದೆ, ಡಿಸ್ಕಿಗೆ ಆಮೇಲೆ ಇಳಿಸುತ್ತದೆ. ನಡುವೆ ಕರೆಂಟ್ ಹೋದರೆ, ಬ್ಯಾಟರಿ ಇಲ್ಲದಿದ್ದರೆ, ಅಷ್ಟೂ ಹೋಯ್ತು. ರೈಟ್ ಥ್ರೂ ಹಾಗಲ್ಲ. ಡಿಸ್ಕಿಗೆ ಇಳಿದ ಮೇಲೆಯೇ ಆಯ್ತು ಎನ್ನುತ್ತದೆ. ನಿಧಾನ, ಆದರೆ ನಂಬಬಹುದು.

ಎರಡನೇ ಸಲ ಬ್ಯಾಟರಿ ಹಾಕಿಸಿಯೇ ಕೂತೆ. ಬೂಟ್ ಆಗುವಾಗ ಕಂಟ್ರೋಲ್ ಎಚ್ ಒತ್ತಿದರೆ ಕಾರ್ಡಿನ ಸೆಟ್ಟಿಂಗ್ ಪರದೆ ವೆಬ್‌ಬಯೋಸ್ ಬರುತ್ತದೆ. ಅದರ ವಿಜಾರ್ಡ್‌ನಲ್ಲಿ ‘ನ್ಯೂ ಕಾನ್ಫಿಗರೇಶನ್’ ಒತ್ತಿದರೆ ಹಳೆಯದೆಲ್ಲ ಅಳಿಸಿಹೋಗುತ್ತದೆ, ಬ್ಯಾಕಪ್ ಇಲ್ಲದೆ ಅದನ್ನು ಮುಟ್ಟಲೇಬೇಡಿ. ನಾನು ರೇಡ್ 10 ಆರಿಸಿದೆ. ಅದರಲ್ಲಿ ಬರೆದದ್ದೆಲ್ಲ ಜೋಡಿ ಡಿಸ್ಕಿನಲ್ಲಿ ಎರಡು ಪ್ರತಿ ಇರುತ್ತದೆ. ಜಾಗ 4 ಟಿಬಿಯಷ್ಟೇ ಸಿಗುತ್ತದೆ, ಮಂಡಿ ಲೆಕ್ಕಕ್ಕೆ ಅದೇ ಜಾಸ್ತಿ. ಇಲ್ಲಿ ಎರಡೆರಡು ಡಿಸ್ಕಿನ ಎರಡು ಗುಂಪು ಮಾಡಿ, ಎರಡನ್ನೂ ಸ್ಪ್ಯಾನ್‌ಗೆ ಸೇರಿಸಬೇಕು, ಆಗ ಎರಡೂ ಸೇರಿ ಒಂದೇ ಆಗುತ್ತವೆ. ಸೇರಿಸದಿದ್ದರೆ ಎರಡು ಬೇರೆ ಬೇರೆ ರೇಡ್ 1 (ಬರೀ ಜೋಡಿ ಪ್ರತಿ) ಆಗಿ ಕೂರುತ್ತವೆ. ನಾನೂ ಒಂದು ಸಲ ಹಾಗೆ ಮಾಡಿಕೊಂಡಿದ್ದೆ.

ರೈಟ್ ಪಾಲಿಸಿ ಈ ಸಲ ‘ರೈಟ್ ಬ್ಯಾಕ್ ವಿತ್ ಬಿಬಿಯು’. ಬಿಬಿಯು ಅಂದರೆ ಕಾರ್ಡಿನ ಬ್ಯಾಟರಿ. ಬ್ಯಾಟರಿ ಸೋತರೆ ಕಾರ್ಡ್ ತಾನೇ ರೈಟ್ ಥ್ರೂಗೆ ಇಳಿಯುತ್ತದೆ. ಡಿಸ್ಕ್ ಕ್ಯಾಶ್ ಡಿಸೇಬಲ್. ಡಿಸ್ಕಿನ ಒಳಗಿನ ಮೆಮೊರಿಯನ್ನು ಕಾರ್ಡಿನ ಬ್ಯಾಟರಿ ಕಾಯುವುದಿಲ್ಲ ಅಲ್ವಾ? ಅಲಾರಂ ಮಾತ್ರ ಆನ್ ಇರಲಿ. ಕೂಗಿದರೆ ‘ಸೈಲೆನ್ಸ್’ ಸಾಕು, ‘ಡಿಸೇಬಲ್’ ಒತ್ತಿದರೆ ಮುಂದೆ ಡಿಸ್ಕ್ ಸತ್ತರೂ ಗೊತ್ತಾಗುವುದಿಲ್ಲ.

ಆದರೆ ಕಾರ್ಡಿನ ಬ್ಯಾಟರಿ ಮೆಮೊರಿಯನ್ನು ಹಿಡಿದಿಡುವುದು ಹೆಚ್ಚೆಂದರೆ ಎರಡು ಮೂರು ದಿನ. ನಮ್ಮ ಕಡೆ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಬರುವುದಕ್ಕೆ ಅಷ್ಟು ದಿನ ಹಿಡಿದದ್ದೂ ಇದೆ. ಹಾಗಾಗಿ ಯುಪಿಎಸ್ ಬದಲಿಸಿ, ಅದರ ಚಾರ್ಜ್ ಇಳಿಯುತ್ತಿದ್ದಂತೆ ಸರ್ವರ್ ತಾನೇ ಶಟ್‌ಡೌನ್ ಆಗುವಂತೆ ಮಾಡಿದೆ. ಸರಿಯಾಗಿ ಆಫ್ ಆದರೆ ಮೆಮೊರಿಯಲ್ಲಿದ್ದದ್ದೆಲ್ಲ ಡಿಸ್ಕಿಗೆ ಇಳಿದಿರುತ್ತದೆ.

ಕೊನೆಗೆ ಗೌಡ್ರ ಎದುರೇ ಪರೀಕ್ಷೆ ಮಾಡಿದೆ. ಸುಳ್ಳು ಬಿಲ್ ಒಂದನ್ನು ಸೇವ್ ಮಾಡಿಸಿ, ಅದೇ ಕ್ಷಣ ಸರ್ವರಿನ ವೈರ್ ಎಳೆದೆ. ಒಂದು ಗಂಟೆ ಬಿಟ್ಟು ಹಾಕಿದಾಗ ಬಿಲ್ ಅಲ್ಲೇ ಇತ್ತು. ಈಗ ಪ್ರತಿ ವರ್ಷ ರೋಹಿಣಿ ಮಳೆಗೆ ಮುಂಚೆ ಹೋಗಿ ಬ್ಯಾಟರಿ ನೋಡಿ ಬರುತ್ತೇನೆ. ಈ ಸಲ ಸೋತಿತ್ತು, ಹೊಸದು ಹಾಕಿದೆ.